ಬರೀ ಶೇ. 0.06 ಕಾಡು ತಾನೇ ಗುರು?

(1/8)

ಹೋದ ವಾರ ಜೋಗದ ಫೋಟೋ ಜೊತೆ "ಶರಾವತಿ ಕಣಿವೆ ಉಳಿಸಿ" ಅಂತ ಒಂದು ಸ್ಟೋರಿ ಹಾಕಿದ್ದೆ. ನಮ್ಮ ಕ್ಲಾಸಿನವನೇ ಒಬ್ಬ ರಿಪ್ಲೈ ಮಾಡಿದ: "ಅಭಯಾರಣ್ಯ ಇರೋದು 930 ಚದರ ಕಿಲೋಮೀಟರ್. ಪ್ರಾಜೆಕ್ಟಿಗೆ ಹೋಗೋ ಕಾಡು 54 ಹೆಕ್ಟೇರ್. ಅಂದ್ರೆ ಬರೀ ಶೇ. 0.06. ಬಿಕಾಂ ಓದ್ತೀಯ, ಇಷ್ಟು ಪರ್ಸೆಂಟೇಜ್ ಹಾಕೋಕೆ ಬರಲ್ವಾ ಗುರು?" ಕೊನೆಗೆ ಮೂರು ನಗೋ ಇಮೋಜಿ.

ಕ್ಯಾಲ್ಕುಲೇಟರ್ ತಗೊಂಡು ಕೂತೆ. 930 ಚದರ ಕಿ.ಮೀ. ಅಂದ್ರೆ 93,000 ಹೆಕ್ಟೇರ್. 54 ಭಾಗಿಸು 93,000, ಗುಣಿಸು 100. ಉತ್ತರ 0.058. ಅವನ ಲೆಕ್ಕ ಸರಿ ಇದೆ. ಒಪ್ಪಿಕೊಂಡೆ.

ಆದ್ರೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಲೆಕ್ಕ ಸರಿ ಇದ್ದೂ ತೀರ್ಮಾನ ತಪ್ಪಾಗೋದು ಹೇಗೆ? ಅಕೌಂಟ್ಸ್ ಓದೋರಿಗೆ ಇದಕ್ಕಿಂತ ಮುಖ್ಯ ಪ್ರಶ್ನೆ ಇನ್ನೊಂದಿಲ್ಲ. ಹಾಗಾಗಿ ಅವನಿಗೆ ಒಂದು ಸಾಲಿನ ರಿಪ್ಲೈ ಕೊಡೋ ಬದಲು ಎಂಟು ಪೋಸ್ಟ್ ಬರೀತಾ ಇದ್ದೀನಿ. ಅವನ ಹೆಸರು ಹೇಳಲ್ಲ, ಟ್ಯಾಗೂ ಮಾಡಲ್ಲ. ಯಾಕಂದ್ರೆ ಅವನು ಕೇಳಿದ್ದನ್ನೇ ನಮ್ಮಲ್ಲಿ ನೂರು ಜನ ಮನಸ್ಸಲ್ಲಿ ಕೇಳ್ಕೊಂಡಿರ್ತಾರೆ.

ಪೂರ್ತಿ ಓದಿ. ಆಮೇಲೆ ಬೈಯೋದಿದ್ರೆ ಬೈರಿ.

(2/8)

ಮೊದಲು ಜಾಗ ಎಲ್ಲಿದೆ ಅಂತ ನೋಡೋಣ. ಜೋಗಕ್ಕೆ ಹೋಗಿ ರೀಲ್ಸ್ ಮಾಡಿದವರೆಲ್ಲ ವ್ಯೂ ಪಾಯಿಂಟಿನಿಂದ ವಾಪಸ್ ಬಂದಿರ್ತೀರ. ರಾಜಾ, ರಾಣಿ, ರೋರರ್, ರಾಕೆಟ್ ನೋಡಿ, ಮಿರ್ಚಿ ಬಜ್ಜಿ ತಿಂದು, ಬಸ್ ಹತ್ತಿ ಮನೆಗೆ. ಆ ನೀರು ಕೆಳಗೆ ಬಿದ್ದ ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಎಷ್ಟು ಜನ ಯೋಚಿಸಿದ್ದೀವಿ?

ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸಮುದ್ರ ಸೇರೋದು ಹೊನ್ನಾವರದಲ್ಲಿ. ಒಟ್ಟು ಉದ್ದ 130 ಕಿಲೋಮೀಟರ್ ಆಸುಪಾಸು. ಕಾವೇರಿ, ಕೃಷ್ಣೆ ಮುಂದೆ ಇದು ಪುಟ್ಟ ಹುಡುಗಿ. ಆದ್ರೆ ಈ ಪುಟ್ಟ ನದಿ ಮಲೆನಾಡಿನ ಎತ್ತರದಿಂದ ಕರಾವಳಿಗೆ ನಿಧಾನಕ್ಕೆ ಇಳಿಯಲ್ಲ, ಧುಮುಕುತ್ತೆ. ಜೋಗದಲ್ಲಿ ಒಂದೇ ಸಲಕ್ಕೆ 253 ಮೀಟರ್. ಆಮೇಲೆ ಗೇರುಸೊಪ್ಪದವರೆಗೆ ಎರಡೂ ಕಡೆ ಕಡಿದಾದ ಗುಡ್ಡ, ನಡುವೆ ಆಳ ಕಣಿವೆ. ಸಮುದ್ರದಿಂದ ಬರೋ ಮುಂಗಾರು ಮೋಡ ಈ ಗುಡ್ಡಕ್ಕೆ ಬಂದು ಡಿಕ್ಕಿ ಹೊಡೆಯುತ್ತೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಆ ಮಳೆ ಕುಡಿದು ಬೆಳೆದಿರೋದೇ ಈ ನಿತ್ಯಹರಿದ್ವರ್ಣ ಕಾಡು.

ಗೇರುಸೊಪ್ಪ ಅಂದ್ರೆ ಚೆನ್ನಭೈರಾದೇವಿಯ ಊರು. ಪೋರ್ಚುಗೀಸರು ಆಕೆಯನ್ನ ಕಾಳುಮೆಣಸಿನ ರಾಣಿ ಅಂತ ಕರೆದ್ರು. ಆಕೆಯ ವ್ಯಾಪಾರದ ಮೆಣಸು ಬಂದಿದ್ದು ಇದೇ ಘಟ್ಟದ ನೆರಳಿನಿಂದ. ಕಾಮರ್ಸ್ ವಿದ್ಯಾರ್ಥಿಗಳೇ, ನಮ್ಮ ಎಕ್ಸ್‌ಪೋರ್ಟ್ ಪಾಠದ ಮೊದಲ ಅಧ್ಯಾಯ ಈ ಕಾಡಲ್ಲಿದೆ.

1972ರಲ್ಲಿ ಇದು ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯ ಆಯ್ತು. 2019ರಲ್ಲಿ ಅಘನಾಶಿನಿ ಕಡೆಯ ಕಾಡನ್ನೂ ಸೇರಿಸಿ 930 ಚದರ ಕಿ.ಮೀ.ಗೆ ವಿಸ್ತರಿಸಿ, ಒಂದು ಪ್ರಾಣಿಯ ಹೆಸರಿಟ್ರು. ಸಿಂಗಳೀಕ ಅಭಯಾರಣ್ಯ.

ಸರ್ಕಾರವೇ ಒಂದು ಪ್ರಾಣಿಯ ಹೆಸರಲ್ಲಿ ಬರೆದುಕೊಟ್ಟ ಜಾಗ ಇದು. ನೆನಪಿರಲಿ.

(3/8)

ಈ ಫೋಟೋ ಫೋನಲ್ಲಿ ತೆಗೆದಿದ್ದು, ಕ್ಲಿಯರ್ ಇಲ್ಲ. ಸಾರಿ. ಎಲೆ ನಡುವೆ ಕಾಣ್ತಿರೋ ಕಪ್ಪು ಮುದ್ದೆಯೇ ಸಿಂಗಳೀಕ. ಕರಿ ಮೈ, ಮುಖದ ಸುತ್ತ ಬೂದು-ಬೆಳ್ಳಿ ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು.

ಇದು ಪ್ರಪಂಚದಲ್ಲಿ ಪಶ್ಚಿಮ ಘಟ್ಟ ಬಿಟ್ರೆ ಬೇರೆಲ್ಲೂ ಕಾಡಲ್ಲಿ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು, ಅಷ್ಟೇ. ಬೆಳೆದ ಪ್ರಾಣಿಗಳು ಒಟ್ಟು 2,500ಕ್ಕಿಂತ ಕಡಿಮೆ ಅಂತ ಅಂದಾಜು. ನಮ್ಮ ಕಾಲೇಜಿನ ಆನಿವರ್ಸರಿಗೆ ಸೇರೋ ಜನ ಇದಕ್ಕಿಂತ ಜಾಸ್ತಿ ಇರ್ತಾರೆ. ಇವುಗಳ ವ್ಯಾಪ್ತಿಯ ಉತ್ತರ ತುದಿಯಲ್ಲಿ ಉಳಿದಿರೋ ದೊಡ್ಡ ನೆಲೆ ಅಂದ್ರೆ ಇದೇ ಶರಾವತಿ-ಅಘನಾಶಿನಿ ಕಾಡು.

"ಕೋತಿ ತಾನೇ, ಬೇರೆ ಕಡೆ ಹೋಗುತ್ತೆ" ಅನ್ನಬೇಡಿ. ಬಸ್‌ಸ್ಟ್ಯಾಂಡಲ್ಲಿ ಬಾಳೆಹಣ್ಣು ಕಿತ್ಕೊಳ್ಳೋ ಕೋತಿ ಬೇರೆ, ಇದು ಬೇರೆ. ಸಿಂಗಳೀಕ ಮರದ ಪ್ರಾಣಿ. ಹುಟ್ಟೋದು, ತಿನ್ನೋದು, ಮಲಗೋದು ಎಲ್ಲಾ ಮೇಲೇ. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿದ್ರೆ ಅದಕ್ಕೆ ದಾರಿ. ತಾಗದಿದ್ರೆ ದಾರಿ ಇಲ್ಲ. ಅದರ ಊಟ ಉಪ್ಪಾಗೆ, ಹೆಬ್ಬಲಸು, ಬಗನಿ, ಅತ್ತಿ ಜಾತಿಯ ಹಣ್ಣುಗಳು, ಜೊತೆಗೆ ಹುಳು ಹುಪ್ಪಟೆ. ಒಂದೊಂದು ಮರ ಒಂದೊಂದು ತಿಂಗಳಲ್ಲಿ ಹಣ್ಣು ಬಿಡುತ್ತೆ. ಹಾಗಾಗಿ ವರ್ಷಪೂರ್ತಿ ಹೊಟ್ಟೆ ತುಂಬಬೇಕು ಅಂದ್ರೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಹೋಗ್ತಾ ಇರಬೇಕು. ಮೇಲಿನಿಂದಲೇ.

ಇನ್ನೊಂದು ವಿಷಯ. ತಾಯಿ ಸಿಂಗಳೀಕ ಒಂದು ಸಲಕ್ಕೆ ಒಂದೇ ಮರಿ ಹಾಕೋದು, ಅದೂ ಎರಡು ಮೂರು ವರ್ಷಕ್ಕೊಮ್ಮೆ. ಒಂದು ಗುಂಪು ಕುಸಿದ್ರೆ ಮತ್ತೆ ಚೇತರಿಸಿಕೊಳ್ಳೋಕೆ ನಾವು ಡಿಗ್ರಿ ಮುಗಿಸಿ, ಕೆಲಸ ಸಿಕ್ಕಿ, ಮದುವೆ ಆಗೋಷ್ಟು ಕಾಲ ಬೇಕು.

(4/8)

ಸಿಂಗಳೀಕ ಮೇಲಿನ ಮಾಳಿಗೆಯ ವಾಸಿ. ಈಗ ನೆಲಕ್ಕೆ ಬನ್ನಿ.

ಹೊನ್ನಾವರದಿಂದ ಜೋಗಕ್ಕೆ ಘಟ್ಟ ಹತ್ತುವಾಗ, ಸಿದ್ದಾಪುರ ತಾಲ್ಲೂಕಿನ ಅಂಚಿನಲ್ಲಿ ಕತ್ತಲೆಕಾನು ಅಂತ ಒಂದು ಜಾಗ ಇದೆ. ನಮ್ಮ ಕಡೆ ಕಾನು ಅಂದ್ರೆ ದಟ್ಟ ಹಸಿರು ಕಾಡು. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಬಿಸಿಲು ನೆಲ ಮುಟ್ಟೋದು ಕಷ್ಟ. ಹೆಸರಿಟ್ಟ ಹಿರಿಯರು ಸುಮ್ಮನೆ ಇಟ್ಟಿಲ್ಲ.

ಅಲ್ಲಿರೋದು ರಾಮಪತ್ರೆ ಜಡ್ಡಿ. ಕಣಿವೆ ತಳದಲ್ಲಿ ವರ್ಷವಿಡೀ ನೀರು ನಿಲ್ಲೋ, ಹರಿಯೋ ಜೌಗು ಕಾಡು. ಕೆಸರಲ್ಲಿ ಬೇರಿಗೆ ಗಾಳಿ ಸಿಗಲ್ಲ. ಅದಕ್ಕೆ ಕೆಲವು ಮರಗಳು ಬೇರನ್ನೇ ಮಂಡಿ ಮಡಚಿದ ಹಾಗೆ ನೆಲದಿಂದ ಮೇಲೆತ್ತಿ ಉಸಿರಾಡ್ತವೆ. ಕೆಲವು ಕಾಂಡದಿಂದ ಊರುಗೋಲಿನ ಹಾಗೆ ಬೇರು ಇಳಿಬಿಟ್ಟು ನಿಂತಿವೆ. ಮಾವು, ಗೋಡಂಬಿಯ ಕುಟುಂಬಕ್ಕೆ ಸೇರಿದ ಒಂದು ಮರ ವಿಜ್ಞಾನಕ್ಕೆ ಹೊಸದು ಅಂತ 2000ದಲ್ಲಿ ದಾಖಲಾಯ್ತು. ಅದರ ಹೆಸರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ನಮ್ಮ ಒಂದು ಕಾನಿನ ಹೆಸರು ಲ್ಯಾಟಿನ್‌ನಲ್ಲಿ ಕೂತಿದೆ!

ಕುಂಬಾರ ಕಪ್ಪೆ ಗೊತ್ತಾ? ತೊರೆ ಪಕ್ಕದ ಈ ಪುಟ್ಟ ಕಪ್ಪೆಯನ್ನ 2014ರಲ್ಲಿ ಕೆ.ವಿ. ಗುರುರಾಜ ಮತ್ತವರ ತಂಡ ವಿಜ್ಞಾನಕ್ಕೆ ಪರಿಚಯಿಸಿತು. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಕಪ್ಪೆ ಕೈಯಲ್ಲಿ ಕೆಸರು ತಂದು ಮೊಟ್ಟೆ ಮೇಲೆ ಮೆತ್ತುತ್ತೆ, ಕುಂಬಾರ ಮಡಕೆಗೆ ಮಣ್ಣು ಹಚ್ಚಿದ ಹಾಗೆ. ವೈಜ್ಞಾನಿಕ ಹೆಸರಲ್ಲೂ 'ಕುಂಬಾರ' ಅನ್ನೋ ಕನ್ನಡ ಪದವೇ ಇದೆ. ಕನ್ನಡ ಉಳಿಸಿ ಅಂತ ನವೆಂಬರಲ್ಲಿ ಪ್ರೊಫೈಲ್ ಫೋಟೋ ಬದಲಾಯಿಸೋರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಪ್ರಾಜೆಕ್ಟ್ ಇದೇ ಜಡ್ಡಿಯ ಮೇಲೆ ಬರುತ್ತೆ ಅಂತ ನಾನು ಹೇಳ್ತಿಲ್ಲ. ಹೇಳ್ತಿರೋದು ಇಷ್ಟು: 2000ದಲ್ಲಿ ಮರ, 2014ರಲ್ಲಿ ಕಪ್ಪೆ. ನಾವು ಹುಟ್ಟೋ ಹೊತ್ತಿಗೂ, ನಾವು ಪ್ರೈಮರಿ ಸ್ಕೂಲಲ್ಲಿದ್ದಾಗಲೂ ಈ ಕಾಡಿನ ಪಟ್ಟಿ ಪೂರ್ತಿ ಆಗಿರಲಿಲ್ಲ. ಸ್ಟಾಕ್ ಟೇಕಿಂಗ್ ಮುಗಿಯೋ ಮೊದಲೇ ಗೋಡೌನ್ ಬಾಗಿಲು ಒಡೆಯೋದು ಯಾವ ವ್ಯಾಪಾರ?

(5/8)

ಈಗ ಆ ಕಡೆಯವರ ಮಾತು. ನ್ಯಾಯವಾಗಿ ಹೇಳ್ತೀನಿ.

ಕರ್ನಾಟಕ ವಿದ್ಯುತ್ ನಿಗಮದ ಯೋಜನೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ಎರಡರ ನಡುವೆ 400 ಮೀಟರಿಗೂ ಹೆಚ್ಚು ಎತ್ತರದ ಅಂತರ. ಹಗಲು ಸೋಲಾರ್ ಕರೆಂಟ್ ಹೆಚ್ಚಾದಾಗ ಅದನ್ನ ಬಳಸಿ ಕೆಳಗಿನ ನೀರನ್ನ ಮೇಲಕ್ಕೆ ಎತ್ತೋದು. ಸಂಜೆ ಎಲ್ಲರ ಮನೆಯಲ್ಲೂ ಲೈಟು, ಫ್ಯಾನು, ಗೀಸರ್ ಆನ್ ಆದಾಗ ಅದೇ ನೀರನ್ನ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು. ಅಂದ್ರೆ ಇದೊಂದು ದೊಡ್ಡ ಪವರ್ ಬ್ಯಾಂಕ್. ಐಡಿಯಾ ಕೆಟ್ಟದ್ದಲ್ಲ. ಹೊಸ ಡ್ಯಾಂ ಕಟ್ಟಲ್ಲ, ಇರೋ ಎರಡನ್ನೇ ಬಳಸ್ತೀವಿ ಅನ್ನೋ ಮಾತೂ ನಿಜ.

ಆದ್ರೆ ಪವರ್ ಬ್ಯಾಂಕ್ ಕರೆಂಟ್ ಹುಟ್ಟಿಸಲ್ಲ. ಇಂಥ ಸ್ಥಾವರದಲ್ಲಿ 100 ಯೂನಿಟ್ ಖರ್ಚು ಮಾಡಿ ನೀರು ಎತ್ತಿದ್ರೆ ವಾಪಸ್ ಬರೋದು ಸಾಮಾನ್ಯವಾಗಿ 75ರಿಂದ 80 ಯೂನಿಟ್. "2,000 ಮೆಗಾವ್ಯಾಟ್ ಹೊಸ ಕರೆಂಟ್" ಅಂತ ಸ್ಟೇಟಸ್ ಹಾಕ್ಕೊಂಡವರು ಸ್ವಲ್ಪ ಗಮನಿಸಿ.

ಮತ್ತೆ ಡ್ಯಾಂ ಇಲ್ಲ ಅಂದ ಮಾತ್ರಕ್ಕೆ ಕೆಲಸ ಇಲ್ಲ ಅಂತಲ್ಲ. ಗುಡ್ಡದ ಹೊಟ್ಟೆಯೊಳಗೆ ಪವರ್ ಹೌಸ್. ನೀರಿಗೆ ಸುರಂಗ. ಯಂತ್ರ ಸಾಗಿಸೋಕೆ ರಸ್ತೆ. ಕೊರೆದ ಕಲ್ಲು ಮಣ್ಣು ಸುರಿಯೋಕೆ ಜಾಗ. ಕರೆಂಟ್ ಹೊರಗೆ ತರೋಕೆ ಲೈನ್. ಕಡಿಯೋ ಮರ 15 ಸಾವಿರಕ್ಕೂ ಹೆಚ್ಚು ಅಂತ ಲೆಕ್ಕ ಬಂದಿದೆ. 2025ರ ಜೂನಿನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ವಿಕ ಒಪ್ಪಿಗೆ ಕೊಡ್ತು. ಸೆಪ್ಟೆಂಬರಿನ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ಬಂದು ಬೇಡ ಅಂದ್ರು.

2024ರ ಜುಲೈ 16 ನೆನಪಿದೆಯಾ? ಅಂಕೋಲಾ ತಾಲ್ಲೂಕಿನ ಶಿರೂರಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದ ದಿನ. ಅದೂ ಇದೇ ಜಿಲ್ಲೆ, ಇದೇ ಮಳೆ. ಇಂಥ ಮಳೆ ಬೀಳೋ ಕಡಿದಾದ ಗುಡ್ಡವನ್ನ ಕೊರೆಯೋಕೆ ಹೊರಟಿದ್ದೀವಿ.

(6/8)

ಈಗ 0.06ಕ್ಕೆ ಬರ್ತೀನಿ. ಇಡೀ ಸರಣಿ ಬರೆದಿದ್ದೇ ಈ ಪೋಸ್ಟಿಗಾಗಿ.

ಆಡಿಟಿಂಗ್ ಪೇಪರಲ್ಲಿ ಮೆಟೀರಿಯಾಲಿಟಿ ಅಂತ ಒಂದು ಪಾಠ ಇದೆ. ಚಿಕ್ಕ ಮೊತ್ತವನ್ನ ಯಾವಾಗ ನಿರ್ಲಕ್ಷಿಸಬಹುದು, ಯಾವಾಗ ಬಾರದು ಅನ್ನೋ ಪಾಠ. ಮೊತ್ತದ ಗಾತ್ರ ಒಂದನ್ನೇ ನೋಡಬೇಡಿ, ಅದರ ಸ್ವರೂಪವನ್ನೂ ನೋಡಿ ಅಂತ ಮೇಡಂ ಬೋರ್ಡ್ ಮೇಲೆ ಬರೆಸಿದ್ರು. ನೂರು ಕೋಟಿ ವಹಿವಾಟಿನ ಕಂಪನಿಯಲ್ಲಿ ಹತ್ತು ಸಾವಿರ ರೂಪಾಯಿ ಲೆಕ್ಕ ತಪ್ಪಿದ್ರೆ ಚಿಲ್ಲರೆ. ಅದೇ ಹತ್ತು ಸಾವಿರವನ್ನ ಡೈರೆಕ್ಟರ್ ಜೇಬಿಗೆ ಹಾಕ್ಕೊಂಡಿದ್ರೆ ಚಿಲ್ಲರೆ ಅಲ್ಲ. ಮೊತ್ತ ಒಂದೇ, ಸ್ವರೂಪ ಬೇರೆ.

ಮನೆ ಉದಾಹರಣೆ ಕೊಡ್ತೀನಿ. ನಮ್ಮ ಮನೆಗೆ ಗುಡ್ಡದ ಅಬ್ಬಿಯಿಂದ ಪೈಪಲ್ಲಿ ನೀರು ಬರುತ್ತೆ. ಪೈಪಿನ ಉದ್ದ ಅರ್ಧ ಕಿಲೋಮೀಟರ್ ಅಂತ ಇಟ್ಕೊಳ್ಳಿ. ಅದರ ಶೇ. 0.06 ಎಷ್ಟು? 30 ಸೆಂಟಿಮೀಟರ್. ಒಂದು ಅಡಿ. ಮಧ್ಯದಲ್ಲಿ ಎಲ್ಲಾದ್ರೂ ಒಂದೇ ಒಂದು ಅಡಿ ಪೈಪ್ ಕತ್ತರಿಸಿ ತಗೊಂಡು ಹೋಗಿ. "ಶೇ. 99.94 ಪೈಪ್ ಹಾಗೇ ಇದೆಯಲ್ಲ ಅಜ್ಜಿ" ಅಂತ ಹೇಳಿ. ಅಜ್ಜಿ ಖಾಲಿ ಕೊಡಪಾನ ನಿಮ್ಮ ತಲೆ ಮೇಲೇ ಇಡ್ತಾರೆ.

ಸಿಂಗಳೀಕಕ್ಕೆ ಕಾಡು ಸೈಟ್ ಅಲ್ಲ, ಪೈಪ್. ವಿಸ್ತೀರ್ಣ ಎಷ್ಟು ಅನ್ನೋದಕ್ಕಿಂತ ಕೊಂಬೆಗೆ ಕೊಂಬೆ ತಾಗಿದೆಯಾ ಅನ್ನೋದು ಅದರ ಬದುಕಿನ ಲೆಕ್ಕ.

ಇದು ಪುಸ್ತಕದ ಮಾತಲ್ಲ. ಹೋದ ವರ್ಷ ಮಾಲೆಮನೆ ಘಟ್ಟದಲ್ಲಿ ಕಣ್ಣಾರೆ ನೋಡಿದೆ. ರಸ್ತೆ ಅಗಲ ಇದ್ದ ಕಡೆ ಮರದ ತಲೆಗಳು ಒಂದಕ್ಕೊಂದು ಸಿಗಲ್ಲ. ಒಂದು ಸಿಂಗಳೀಕದ ಗುಂಪು ಟಾರ್ ರಸ್ತೆ ಮೇಲೆ ಕೂತಿತ್ತು. ನೆಲಕ್ಕೆ ಇಳಿಯೋದೇ ಅಪರೂಪ ಅನ್ನೋ ಪ್ರಾಣಿ! ಒಂದು ಕಾರು ನಿಂತು ಬಿಸ್ಕತ್ ಎಸೆದ್ರು, ವಿಡಿಯೋ ಮಾಡಿದ್ರು. ಒಂದು ತಾಯಿ ಹೊಟ್ಟೆಗೆ ಮರಿ ಕಟ್ಕೊಂಡು ಲಾರಿ ಬರ್ತಿರೋ ಕಡೆ ಓಡಿತು. ಡ್ರೈವರ್ ಬ್ರೇಕ್ ಹಾಕಿದ, ಪುಣ್ಯ. ಆ ರಸ್ತೆಯ ಅಗಲ ಅಭಯಾರಣ್ಯದ ಎಷ್ಟು ಪರ್ಸೆಂಟ್? ಹೇಳಿ ನೋಡೋಣ.

(7/8)

"ಕಡಿದಷ್ಟು ಮರ ಬೇರೆ ಕಡೆ ನೆಡ್ತಾರಲ್ಲ?"

ನೆಡ್ತಾರೆ. ಎಲ್ಲಿ, ಏನನ್ನ? ಬಯಲಲ್ಲಿ ಸಾಲಾಗಿ ಗಿಡ ನಿಲ್ಲಿಸಿದ್ರೆ ಅದು ನೆಡುತೋಪು. ರಾಮಪತ್ರೆ ಜಾತಿಯ ಬೀಜ ಒಣಗಿದ್ರೆ ಮೊಳೆಯಲ್ಲ, ಅದಕ್ಕೆ ದೊಡ್ಡ ಮರದ ನೆರಳು ಬೇಕು, ತೇವ ಬೇಕು. ಬೀಜ ಹೊತ್ತು ದೂರ ಹಾಕೋಕೆ ಮಂಗಟ್ಟೆ ಹಕ್ಕಿ, ಸಿಂಗಳೀಕ ಬೇಕು. ಮರ ಮೊದಲಾ, ಹಕ್ಕಿ ಮೊದಲಾ? ಎರಡೂ ಒಟ್ಟಿಗೆ ಇದ್ದಾಗ ಮಾತ್ರ ಕಾಡು. ನೂರಾರು ವರ್ಷದ ಆಸ್ತಿ ಮಾರಿ, ಅದೇ ಸಂಖ್ಯೆಯ ಸಸಿ ತೋರಿಸಿ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಯ್ತು ಅನ್ನೋದನ್ನ ನಮ್ಮ ಇಂಟರ್ನಲ್ಸ್ ಪೇಪರಲ್ಲಿ ಬರೆದ್ರೆ ಮೇಡಂ ಸೊನ್ನೆ ಕೊಡ್ತಾರೆ.

ಇನ್ನು ಈ ಕಣಿವೆಯ ಹಳೇ ಖಾತೆ. ಶರಾವತಿ ಏನೂ ಕೊಟ್ಟಿಲ್ಲ ಅನ್ನೋ ಹಾಗೆ ಮಾತಾಡ್ತಾರಲ್ಲ, ಕೇಳಿ. 1940ರ ದಶಕದ ಹಿರೇಭಾಸ್ಕರ ಡ್ಯಾಂ, 1964ರ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪ. ಈಗಲೇ ಈ ಒಂದು ನದಿಯ ಮೇಲಿನ ವಿದ್ಯುತ್ ಸ್ಥಾವರಗಳ ಸಾಮರ್ಥ್ಯ ಹತ್ತಿರ ಹತ್ತಿರ ಒಂದೂವರೆ ಸಾವಿರ ಮೆಗಾವ್ಯಾಟ್. 130 ಕಿಲೋಮೀಟರ್ ನದಿ ಇನ್ನೆಷ್ಟು ದುಡೀಬೇಕು?

ಲಿಂಗನಮಕ್ಕಿ ತುಂಬಿದಾಗ ನಮ್ಮಜ್ಜಿಗೆ ಹತ್ತು ವರ್ಷ. ಗದ್ದೆ, ಮನೆ, ಊರಿನ ಅರಳಿಕಟ್ಟೆ ಎಲ್ಲಾ 1,819 ಅಡಿ ಲೆಕ್ಕದೊಳಗೆ ಹೋಯ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೇ ಮಡೆನೂರು ಡ್ಯಾಂ ತಲೆ ಎತ್ತಿದಾಗ ಅಜ್ಜಿ ದಡದಲ್ಲಿ ನಿಂತು ಕೈ ತೋರಿಸ್ತಾರೆ, "ಅಲ್ಲಿ ನಮ್ಮ ಕೊಟ್ಟಿಗೆ ಇತ್ತು ತಂಗೀ." ನಾಡಿಗೆಲ್ಲ ಬೆಳಕು ಕೊಟ್ಟ ಮುಳುಗಡೆಯ ಜನ ಆಸ್ಪತ್ರೆಗೆ ಹೋಗೋಕೆ ಲಾಂಚ್ ಕಾಯ್ತಾ ನಿಂತಿದ್ರು. ಸಿಗಂದೂರು ಕಡೆಯ ಸೇತುವೆ ಬಂದಿದ್ದು 2025ರಲ್ಲಿ. ಅರವತ್ತು ವರ್ಷ! ಎಷ್ಟೋ ಸಂತ್ರಸ್ತ ಕುಟುಂಬಗಳಿಗೆ ಜಮೀನಿನ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ.

ಕೆಳಗೆ ಹೊನ್ನಾವರದ ಅಳಿವೆಯಲ್ಲೂ ಬಿಲ್ ಬಂತು. ಪವರ್ ಹೌಸ್‌ನಿಂದ ವರ್ಷವಿಡೀ ಸಿಹಿನೀರು ಬಂದು ಉಪ್ಪಿನಂಶ ಇಳೀತು, ಬಳಚು ಕಡಿಮೆಯಾಯ್ತು. ಬಳಚು ಹೆಕ್ಕಿ ಮಾರಿ ಮನೆ ನಡೆಸ್ತಿದ್ದ ಹೆಂಗಸರ ನಷ್ಟ ಯಾವ ಪ್ರಾಜೆಕ್ಟ್ ವರದಿಯ ಯಾವ ಕಾಲಮ್ಮಿನಲ್ಲಿತ್ತು?

ಪ್ರತಿ ಸಲ "ಇದೊಂದು ಸಲ, ಸ್ವಲ್ಪವೇ" ಅಂದ್ರು. ಸ್ವಲ್ಪ ಸ್ವಲ್ಪ ಕೂಡಿ ಎಷ್ಟಾಯ್ತು ಅಂತ ಒಟ್ಟು ಹಾಕಿದವರು ಯಾರು?

(8/8)

ಕೊನೇ ಪ್ರಶ್ನೆ. "ಹಾಗಾದ್ರೆ ಕರೆಂಟ್ ಬೇಡ್ವಾ ನಿಂಗೆ? ಈ ಪೋಸ್ಟ್ ಹಾಕಿದ ಫೋನ್ ಏನು ಗಾಳಿಯಲ್ಲಿ ಚಾರ್ಜ್ ಆಗುತ್ತಾ?"

ಬೇಕು ಕಣ್ರೋ. ಸಂಜೆ ಕರೆಂಟ್ ಹೋದ್ರೆ ನಾನೂ ಬೈತೀನಿ. ಪವರ್ ಬ್ಯಾಂಕ್ ಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ. ಇಲ್ಲೇ ಬೇಕಾ ಅನ್ನೋದು ಪ್ರಶ್ನೆ. ಸೋಲಾರ್ ಕರೆಂಟ್ ಹುಟ್ಟೋದು ಪಾವಗಡದಂಥ ಬಯಲಲ್ಲಿ. ಅದನ್ನ ಕೂಡಿಡೋಕೆ ಅಲ್ಲೇ ಪಕ್ಕದಲ್ಲಿ ಬ್ಯಾಟರಿ ಸ್ಥಾವರ ಹಾಕಬಹುದು. ಪಂಪ್ಡ್ ಸ್ಟೋರೇಜೇ ಆಗಬೇಕು ಅಂದ್ರೆ ಆಂಧ್ರದ ಪಿನ್ನಾಪುರಂನಲ್ಲಿ ಒಣ ಗುಡ್ಡಗಳ ನಡುವೆ ಜಲಾಶಯ ಮಾಡಿದ್ದಾರೆ. ಬ್ಯಾಟರಿಗೆ ಹತ್ತು ಜಾಗ ಹುಡುಕಬಹುದು. ಸಿಂಗಳೀಕಕ್ಕೆ ಹನ್ನೊಂದನೇ ಜಾಗ ಹುಡುಕೋಕೆ ಆಗಲ್ಲ. ಇಷ್ಟೇ ನನ್ನ ವಾದ.

ಇದು ಗೆಲ್ಲದ ಜಗಳ ಅಂತಾನೂ ಅಂದುಕೋಬೇಡಿ. 1970ರ ದಶಕದಲ್ಲಿ ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳಕ್ಕೆ ಡ್ಯಾಂ ಕಟ್ಟೋಕೆ ಹೊರಟಾಗ ಮೇಷ್ಟ್ರುಗಳು, ಕವಿಗಳು, ವಿಜ್ಞಾನಿಗಳು ಎದ್ದು ನಿಂತ್ರು. ಆ ಹೋರಾಟದ ಮುಖ ಆಗಿದ್ದು ಇದೇ ಸಿಂಗಳೀಕ. ಡ್ಯಾಂ ನಿಂತಿತು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯ್ತು. ನಮ್ಮ ಪಕ್ಕದ ಶಿರಸಿಯಲ್ಲಿ, ಸಾಲ್ಕಣಿಯ ಜನ 1983ರಲ್ಲಿ ಮರ ಅಪ್ಪಿಕೊಂಡು ನಿಂತಿದ್ದಕ್ಕೇ ಅಪ್ಪಿಕೋ ಅಂತ ಹೆಸರು ಬಂತು. ಆಗ ಇನ್‌ಸ್ಟಾಗ್ರಾಮ್ ಇರಲಿಲ್ಲ.

ಲೈಕ್ ಬೇಡ. ನಾಲ್ಕು ಕೆಲಸ ಮಾಡಿ.

ಒಂದು, ಘಟ್ಟದಲ್ಲಿ ಸಿಂಗಳೀಕ ಕಂಡ್ರೆ ತಿಂಡಿ ಎಸೆಯಬೇಡಿ, ಎಸೆಯೋ ರೀಲ್ಸ್ ಶೇರ್ ಮಾಡಬೇಡಿ.
ಎರಡು, ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಇಂಥ ಯೋಜನೆಗಳ ಕಡತ ಸಿಗುತ್ತೆ. ನಮಗೆ ವರದಿ ಓದೋಕೆ ಬರುತ್ತೆ, ಓದೋಣ.
ಮೂರು, ನಿಮ್ಮ ಕ್ಷೇತ್ರದ ಶಾಸಕರಿಗೆ, ಸಂಸದರಿಗೆ ಒಂದು ಪತ್ರ ಬರೀರಿ. ನಮಗೂ ಈಗ ಓಟು ಇದೆ.
ನಾಲ್ಕು, ಮುಂದಿನ ಸಲ ಯಾರಾದ್ರೂ "ಬರೀ ಇಷ್ಟು ಪರ್ಸೆಂಟ್" ಅಂದ್ರೆ ವಾಪಸ್ ಕೇಳಿ: ಎಷ್ಟು ಅಂತ ಗೊತ್ತಾಯ್ತು, ಎಲ್ಲಿಂದ ತೆಗೀತೀರ ಹೇಳಿ.

ಮತ್ತೆ ನನ್ನ ಕ್ಲಾಸ್‌ಮೇಟ್ ದೋಸ್ತಾ, ಮಳೆ ನಿಂತ ಮೇಲೆ ಒಂದು ಭಾನುವಾರ ಊರಿಗೆ ಬಾ. ಅಜ್ಜಿ ಅಕ್ಕಿ ರೊಟ್ಟಿ ಸುಟ್ಟು ಹಾಕ್ತಾರೆ. ಆಮೇಲೆ ಕತ್ತಲೆಕಾನಿನ ಹತ್ತಿರ ಹೋಗಿ ಸುಮ್ಮನೆ ತಲೆ ಎತ್ತಿ ನಿಲ್ಲೋಣ. ಕ್ಯಾಲ್ಕುಲೇಟರೂ ತಗೊಂಡು ಬಾ. ಕೊಂಬೆಯಿಂದ ಕೊಂಬೆಗೆ ಹಾರೋದನ್ನ ಒಟ್ಟಿಗೆ ಎಣಿಸೋಣ.

#ಶರಾವತಿ #ಸಿಂಗಳೀಕ #ಕತ್ತಲೆಕಾನು #ಮಲೆನಾಡು #ಬಿಕಾಂಲೆಕ್ಕ